ಸೆರಗು ಹಿಡಿದ ಕೈ: ಸ್ತನ ಕ್ಯಾನ್ಸರ್ ಆಪರೇಷನ್ ನಂತರದ ವ್ಯಾಯಾಮದ ಒಂದು ಪ್ರಕರಣ

ಮೆಟ್ಟಿಲು ಹತ್ತುವಾಗಲೇ ಅವರ ಬಲಗಾಲಿನ ಚಪ್ಪಲಿ ಕಳಚಿ ಬಿದ್ದಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಹಿಂದೆ ಬರುತ್ತಿದ್ದ ಯಜಮಾನರು ಎತ್ತಿಕೊಂಡು ಬಂದು ಬಾಗಿಲ ಬಳಿ ಇಟ್ಟರು. ಒಳಗೆ ಬಂದವರು ಎಡಗೈಯಲ್ಲಿ ಕುರ್ಚಿ ಎಳೆದುಕೊಂಡರು, ಎಡಗೈಯಲ್ಲೇ ಫೈಲು ತೆಗೆದರು, ನೀರು ಕೊಟ್ಟರೆ ಲೋಟಕ್ಕೂ ಎಡಗೈಯೇ ಬಂತು. ಬಲಗೈ ಎದೆಗೆ ಒತ್ತಿಕೊಂಡಿತ್ತು. ಸೆರಗಿನ ತುದಿ ಮುಷ್ಟಿಯೊಳಗೆ ಇತ್ತು. ಹತ್ತು ನಿಮಿಷ ಮಾತಾಡಿದೆವು, ಆ ಮುಷ್ಟಿ ಒಂದು ಸಲವೂ ಸಡಿಲಾಗಲಿಲ್ಲ.

ನಾನು ದಾವಣಗೆರೆಯಲ್ಲಿ ಸಣ್ಣದೊಂದು ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. ಬರುವವರಲ್ಲಿ ಮುಕ್ಕಾಲು ಪಾಲು ಸೊಂಟ ನೋವು, ಮಂಡಿ ನೋವಿನವರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರು ಬರುವುದು ಕಮ್ಮಿ, ಬಂದರೂ ತಡವಾಗಿ ಬರುತ್ತಾರೆ. ಈ ಅಕ್ಕನ ಹೆಸರು, ಊರು ಬರೆಯುತ್ತಿಲ್ಲ. ಭದ್ರಾ ನಾಲೆ ಪಕ್ಕದ ಒಂದು ಹಳ್ಳಿ ಅಂದರೆ ಸಾಕು. ವಯಸ್ಸು 47. ಮನೆಯಲ್ಲಿ ಗಂಡ, ಅತ್ತೆ, ಓದುವ ಮಗ. ಗದ್ದೆ ಕೆಲಸ, ಎರಡು ಹಸು. ದಿನಾ ರಾತ್ರಿ ಜೋಳದ ರೊಟ್ಟಿ.

ಬಾಯಿ ಬಿಟ್ಟಿದ್ದು ಮೊದಲು ಯಜಮಾನರು. "ಕರೆಂಟ್ ಕೊಡಿಸೋಕೆ ಹೋದ್ರೆ ವಾಪಸ್ ಕಳ್ಸಿದ್ರು ಮೇಡಂ. ಕೈ ಮೇಲಕ್ಕೆ ಬರಲ್ಲ ಅಂತ."

ಕರೆಂಟ್ ಅಂದರೆ ರೇಡಿಯೇಷನ್. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು.

ಫೈಲಿನಲ್ಲಿ ಇದ್ದದ್ದು ಇಷ್ಟು. ಸ್ನಾನ ಮಾಡುವಾಗ ಬಲ ಸ್ತನದಲ್ಲಿ ಗಂಟು ಸಿಕ್ಕಿದೆ. ನೋವಿಲ್ಲವಲ್ಲ ಅಂತ ಆರು ತಿಂಗಳು ಸುಮ್ಮನಿದ್ದಾರೆ. ತೋರಿಸುವ ಹೊತ್ತಿಗೆ ಗಂಟು ದೊಡ್ಡದಾಗಿತ್ತು, ಹಾಗಾಗಿ ಮೊದಲು ಕೀಮೋ. ಮೂರು ವಾರಕ್ಕೊಂದರಂತೆ ಎಂಟು ಸಲ. ಮೊದಲ ನಾಲ್ಕು ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಜೊತೆ, ಆಮೇಲಿನ ನಾಲ್ಕು ಪ್ಯಾಕ್ಲಿಟ್ಯಾಕ್ಸೆಲ್. ನಂತರ ಆಪರೇಷನ್: ಇಡೀ ಸ್ತನ ತೆಗೆದು, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. 17 ಗ್ರಂಥಿಗಳಲ್ಲಿ 2ರಲ್ಲಿ ಕ್ಯಾನ್ಸರ್ ಇತ್ತು. ನೀರು ಹೋಗುವ ಪೈಪು 12 ದಿನ ಇತ್ತು. ಗಾಯ ಚೆನ್ನಾಗಿ ಮಾಗಿತ್ತು. ನನ್ನ ಹತ್ತಿರ ಬಂದಾಗ ಆಪರೇಷನ್ ಆಗಿ 37ನೇ ದಿನ.

ರೇಡಿಯೇಷನ್ನಿಗೆ ಅಂಗಾತ ಮಲಗಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಅಲ್ಲಿರುವ ಆಸರೆಯ ಮೇಲೆ ಇಟ್ಟು ಅಲುಗಾಡದೆ ಇರಬೇಕು. ಕಿರಣ ಎದೆಗೆ ಬೀಳಬೇಕೇ ಹೊರತು ತೋಳಿಗೆ ಬೀಳಬಾರದು. ಮೊದಲ ದಿನ ಅಳತೆ ತೆಗೆದಾಗ ಕೈ ಹೇಗಿತ್ತೋ ದಿನಾ ಹಾಗೇ ಬರಬೇಕು. ಈ ಅಕ್ಕ ಮಲಗಿದ್ದಾರೆ, ಕೈ ಎತ್ತಿದ್ದಾರೆ, ಅರ್ಧಕ್ಕೆ ನಿಂತಿದೆ. ಟೆಕ್ನಿಷಿಯನ್ ಸ್ವಲ್ಪ ಒತ್ತಿದಾಗ ಕಿರುಚಿಬಿಟ್ಟಿದ್ದಾರೆ. ಎರಡು ವಾರ ಬಿಟ್ಟು ಬನ್ನಿ, ಅಷ್ಟರಲ್ಲಿ ಕೈ ಎತ್ತಿಸಿಕೊಂಡು ಬನ್ನಿ ಅಂತ ಕಳಿಸಿದ್ದಾರೆ. ಹೇಗೆ ಎತ್ತಿಸಬೇಕು ಅಂತ ಹೇಳಿದವರು ಯಾರೂ ಇಲ್ಲ. ದಾವಣಗೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಹೆಂಗಸು "ಫಿಸಿಯೋ ಹತ್ರ ಹೋಗ್ರಿ" ಅಂದರಂತೆ. ಆ ಹೆಂಗಸು ಯಾರೋ, ಪುಣ್ಯಾತ್ಗಿತ್ತಿ.

ಮೊದಲ ದಿನದ ಅಳತೆ

ಭುಜ ಮುಂದಕ್ಕೆ ಎತ್ತಿದರೆ 88 ಡಿಗ್ರಿ. ಪಕ್ಕಕ್ಕೆ 72. ಎಡಗೈ ಎರಡೂ ಕಡೆ 170 ದಾಟುತ್ತಿತ್ತು. ಅಂದರೆ ಬಲಗೈ ಭುಜದ ಮಟ್ಟಕ್ಕೂ ಬರುತ್ತಿರಲಿಲ್ಲ. ಜಡೆ ಹಾಕಿಕೊಳ್ಳುವುದು ಹೋಗಲಿ, ಹಣೆಗೆ ಕುಂಕುಮ ಇಡಲೂ ತಲೆಯನ್ನೇ ಕೈ ಹತ್ತಿರ ಬಗ್ಗಿಸುತ್ತಿದ್ದರು. ಎರಡೂ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಐದು ಕಡೆ ತೆಗೆದು ಬರೆದಿಟ್ಟೆ. ಆಗ ಬಾವು ಇರಲಿಲ್ಲ. ಬಲಗೈ ಬಳಸುವವರಿಗೆ ಬಲಗೈ ಕೊಂಚ ದಪ್ಪ ಇರುವುದು ಸಹಜ, ಇವರಿಗೆ ಮುಂಗೈಯಲ್ಲಿ ಅರ್ಧ ಸೆಂಟಿಮೀಟರ್ ಕೂಡ ವ್ಯತ್ಯಾಸ ಇರಲಿಲ್ಲ. ಆ ಹಾಳೆ ಐದು ತಿಂಗಳ ಮೇಲೆ ನನ್ನ ಮಾನ ಕಾಪಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಕೈಯನ್ನು ಪಕ್ಕಕ್ಕೆ ಚಾಚಿಸಿ, ಮೊಣಕೈ ನೆಟ್ಟಗೆ ಮಾಡಿಸಿ, ಅಂಗೈಯನ್ನು ಹಿಂದಕ್ಕೆ ಬಗ್ಗಿಸಿದೆ. ಕಂಕುಳಿನ ಚರ್ಮದ ಕೆಳಗೆ ಎರಡು ಎಳೆ ಎದ್ದು ನಿಂತವು. ಬಟ್ಟೆ ಒಣಹಾಕಲು ಬಿಗಿಯಾಗಿ ಕಟ್ಟಿದ ಹಗ್ಗ ಇರುತ್ತಲ್ಲ, ಹಾಗೆ. ಒಂದು ಕಂಕುಳಲ್ಲೇ ಮುಗಿದಿತ್ತು. ಇನ್ನೊಂದು ತೋಳಿನ ಒಳಮೈಯಲ್ಲಿ ಇಳಿದು ಮೊಣಕೈ ಮಡಿಕೆಯವರೆಗೂ ಹೋಗಿತ್ತು.

"ನರ ಎಳ್ಕೊಂಡಿದೆ ಅಲ್ವಾ ಮೇಡಂ?"

ನರ ಅಲ್ಲ. ಕಂಕುಳಿನ ಗ್ರಂಥಿ ತೆಗೆದವರಲ್ಲಿ, ಆ ಗ್ರಂಥಿಗಳಿಗೆ ಬಂದು ಸೇರುತ್ತಿದ್ದ ಸಣ್ಣ ದುಗ್ಧನಾಳಗಳೂ (ಅಂಗಾಂಶದ ನೀರನ್ನು, ಅಂದರೆ ಲಿಂಫನ್ನು, ಸಾಗಿಸುವ ನಾಳಗಳು) ಸುತ್ತಲಿನ ಅಂಗಾಂಶವೂ ಗಟ್ಟಿಯಾಗಿ ಹೀಗೆ ಹುರಿಯಂತಾಗುತ್ತವೆ ಅಂತ ತಿಳಿಯಲಾಗಿದೆ. ಇದಕ್ಕೆ ಆಕ್ಸಿಲರಿ ವೆಬ್ ಸಿಂಡ್ರೋಮ್ ಅನ್ನುತ್ತಾರೆ. ನಾವು ಕಾರ್ಡಿಂಗ್ ಅಂತ ಕರೆಯುವುದೇ ಜಾಸ್ತಿ. ಸಾಮಾನ್ಯವಾಗಿ ಆಪರೇಷನ್ ಆದ ಎರಡು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಜನರಲ್ಲಿ ಕೆಲವು ತಿಂಗಳಲ್ಲಿ ತಾನೇ ಸಡಿಲಾಗುತ್ತದೆ. ನಮಗೆ ತಿಂಗಳುಗಳ ಪುರುಸೊತ್ತು ಇರಲಿಲ್ಲ.

ಆದರೆ ಲೆಕ್ಕ ಹಾಕಿದರೆ ಹುರಿಯೊಂದರಿಂದಲೇ 72 ಡಿಗ್ರಿಗೆ ಭುಜ ನಿಲ್ಲುವಂತಿರಲಿಲ್ಲ. ಮೊಣಕೈ ಮಡಿಸಿದರೆ ಹುರಿ ಸಡಿಲಾಗುತ್ತಿತ್ತು, ಆಗಲೂ ಭುಜ ಮೇಲೆ ಬರುತ್ತಿರಲಿಲ್ಲ. ಎದೆಯ ಸ್ನಾಯು ಕುಗ್ಗಿತ್ತು. ಭುಜ ಮುಂದಕ್ಕೂ ಒಳಕ್ಕೂ ಹೊರಳಿಕೊಂಡಿತ್ತು. ಯಾಕೆ ಅಂತ ನೋಡುತ್ತಿದ್ದಾಗ ಮತ್ತೆ ಆ ಮುಷ್ಟಿ ಕಣ್ಣಿಗೆ ಬಿತ್ತು.

ಸೀರೆ ಉಡುವವರಿಗೆ ಸೆರಗು ಎಡ ಭುಜದ ಮೇಲೆ. ಇವರಿಗೆ ಸ್ತನ ತೆಗೆದದ್ದು ಬಲಗಡೆ. ಬಲಗಡೆ ಚಪ್ಪಟೆಯಾಗಿರುವುದು ಕಾಣಬಾರದು ಅಂತ ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು, ತುದಿಯನ್ನು ಬಲಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದರು. ಎದ್ದಿದ್ದಾಗೆಲ್ಲ ಹಾಗೇ. ಭುಜದ ಕೀಲು ಗಟ್ಟಿಯಾಗಬೇಕು ಅಂತ ಯಾರಾದರೂ ಬೇಕಂತಲೇ ಕಟ್ಟುಪಟ್ಟಿ ಹಾಕಿದರೆ ಇದೇ ಭಂಗಿಯಲ್ಲಿ ಹಾಕುತ್ತಿದ್ದರು. 37 ದಿನ ಅವರೇ ಅವರ ಕೈಗೆ ಬ್ಯಾಂಡೇಜು ಆಗಿದ್ದರು.

ನನ್ನ ಮೊದಲ ಚಿಕಿತ್ಸೆ ವ್ಯಾಯಾಮವೇ ಅಲ್ಲ. ಹಳೇ ಪಂಚೆಯ ಬಟ್ಟೆಯಲ್ಲಿ ಒಂದು ಸಣ್ಣ ಚೀಲ ಹೊಲಿದು, ಹತ್ತಿ ತುಂಬಿ, ಸಡಿಲ ಕುಪ್ಪಸದೊಳಗೆ ಇಟ್ಟುಕೊಳ್ಳಿ ಅಂದೆ. ಯಜಮಾನರನ್ನು ಹೊರಗೆ ಕೂರಿಸಿ ಹೇಳಿದ ಮಾತು ಇದು. ಅಕ್ಕ ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತರು. ಆಮೇಲೆ "ಅತ್ತೆ ಹೊಲೀತಾರೆ" ಅಂದರು. ಮುಂದಿನ ಸಲ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

ಸೆರಗಿನ ಜೊತೆಗೆ ಊರಿನ ಬುದ್ಧಿಮಾತೂ ಇತ್ತು. ನಾದಿನಿ "ಕೈ ಎತ್ತಬ್ಯಾಡ, ಹೊಲಿಗೆ ಬಿಚ್ಚುತ್ತೆ" ಅಂದಿದ್ದರು. ಅತ್ತೆ ನೀರಿನ ಬಿಂದಿಗೆ ಮುಟ್ಟಲು ಬಿಟ್ಟಿರಲಿಲ್ಲ, ಪ್ರೀತಿಯಿಂದಲೇ. ಡಿಸ್ಚಾರ್ಜ್ ಹಾಳೆಯಲ್ಲಿ "ಬಲಗೈ ಜೋಪಾನ" ಅನ್ನುವ ಅರ್ಥದ ಒಂದು ಸಾಲು ಇತ್ತು. ಅದರ ಉದ್ದೇಶ ಬಲಗೈಗೆ ಇಂಜೆಕ್ಷನ್ ಚುಚ್ಚಬೇಡಿ, ಗಾಯ ಮಾಡಿಕೊಳ್ಳಬೇಡಿ ಅಂತ. ಮನೆಯವರು ಓದಿಕೊಂಡದ್ದು ಅಲ್ಲಾಡಿಸಲೇಬೇಡಿ ಅಂತ. ಆಪರೇಷನ್ ಆದ ಮರುದಿನದಿಂದಲೇ ಬೆರಳು ಮಡಿಚಿ ಬಿಚ್ಚುವುದು, ಮೊಣಕೈ ಆಡಿಸುವುದು, ಪೈಪು ತೆಗೆಯುವವರೆಗೆ ಭುಜದ ಮಟ್ಟದವರೆಗೆ ಮಾತ್ರ ಎತ್ತುವುದು, ಆಮೇಲೆ ಮೇಲಕ್ಕೆ ಹೋಗುವುದು, ಇದು ಸಾಮಾನ್ಯ ಕ್ರಮ. ಇಂಗ್ಲೆಂಡಿನಲ್ಲಿ 17 ಆಸ್ಪತ್ರೆಗಳ 392 ಹೆಂಗಸರನ್ನು ಸೇರಿಸಿ ಮಾಡಿದ ಪ್ರಾಸ್ಪರ್ ಅನ್ನುವ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಭುಜದ ತೊಂದರೆ ಆಗುವ ಸಾಧ್ಯತೆ ಜಾಸ್ತಿ ಇದ್ದವರಿಗೆ ಆಪರೇಷನ್ ಆದ 7ರಿಂದ 10 ದಿನದೊಳಗೆ ಫಿಸಿಯೋಥೆರಪಿಸ್ಟ್ ವ್ಯಾಯಾಮ ಶುರು ಮಾಡಿಸಿದರು. ವರ್ಷದ ಮೇಲೆ ನೋಡಿದರೆ ಬರೀ ಕಾಗದ ಓದಿಕೊಂಡವರಿಗಿಂತ ಇವರ ಕೈ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಯದ ತೊಂದರೆಯಾಗಲಿ ಬಾವಾಗಲಿ ಹೆಚ್ಚಾಗಿರಲಿಲ್ಲ. ಈ ಅಕ್ಕನಿಗೆ ಆ ಮೊದಲ ತಿಂಗಳು ಸುಮ್ನೆ ಕೈಬಿಟ್ಟು ಹೋಗಿತ್ತು.

ಹಾಲು ಉಕ್ಕುವವರೆಗೆ

ನಾನೂ ಒಂದು ತಪ್ಪು ಮಾಡಿದೆ. ಎರಡು ವಾರ ಅಂತ ಗಾಬರಿಯಲ್ಲಿ ಎಂಟು ವ್ಯಾಯಾಮ ಅಚ್ಚು ಹಾಕಿದ ಹಾಳೆ ಕೊಟ್ಟು ಕಳಿಸಿದೆ. ಚಿತ್ರ ಇತ್ತು, ಎಷ್ಟು ಸಲ ಅಂತ ಬರೆದಿತ್ತು. ಮೂರು ದಿನ ಬಿಟ್ಟು ಬಂದಾಗ 88 ಇದ್ದದ್ದು 91 ಆಗಿತ್ತು. ಅಷ್ಟು ವ್ಯತ್ಯಾಸ ನನ್ನ ಅಳತೆಯ ತಪ್ಪಿನಿಂದಲೂ ಬರಬಹುದು. ಹಾಳೆ ನಾಲ್ಕು ಮಡಿಕೆಯಾಗಿ ಫೈಲಿನಲ್ಲಿ ಹಾಗೇ ಇತ್ತು.

"ಎಂಟು ನೋಡಿದ್ರೆ ಯಾವ್ದು ಮೊದ್ಲು ಅಂತ ತಿಳೀಲಿಲ್ಲ ಮೇಡಂ. ಎಲ್ಲಾ ಮಾಡ್ಬೇಕಂದ್ರೆ ಹೊತ್ತೂ ಇಲ್ಲ."

ಹಾಳೆ ಹಿಂದಕ್ಕೆ ತಗೊಂಡೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡುತ್ತೀರಿ ಅಂತ ಕೇಳಿ, ಅದರೊಳಗೆ ಮೂರೇ ಮೂರು ವ್ಯಾಯಾಮ ತುರುಕಿದೆ.

ಒಂದು, ಕೊಡೆ. ಬೆಳಿಗ್ಗೆ ಏಳುವ ಮುಂಚೆ, ಹಾಸಿಗೆಯಲ್ಲೇ ಅಂಗಾತ ಮಲಗಿ, ಯಜಮಾನರ ಉದ್ದ ಹಿಡಿಯ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಕಡೆಗೆ ಎತ್ತುವುದು. ಎಡಗೈ ಬಲಗೈಯನ್ನು ಕರೆದುಕೊಂಡು ಹೋಗುತ್ತದೆ. ಎಳೆತ ಶುರುವಾದ ಕಡೆ ನಿಲ್ಲಿಸಿ, ಮೂರು ಸಲ ಹೊಟ್ಟೆ ಉಬ್ಬುವಂತೆ ಉಸಿರಾಡಿ, ಇನ್ನೊಂದು ಬೆರಳಷ್ಟು ಮುಂದೆ. ಹತ್ತು ಸಲ. ಉಸಿರು ಬಿಡುವಾಗ ಎದೆಯ ಬಿಗಿತ ಸ್ವಲ್ಪ ಸಡಿಲಾಗುವುದು ಅವರಿಗೇ ಗೊತ್ತಾಗುತ್ತಿತ್ತು.

ಎರಡು, ಗೋಡೆ. ಒಲೆಯ ಮೇಲೆ ಹಾಲು ಇಟ್ಟು ಅದು ಉಕ್ಕುವವರೆಗೆ ಪಕ್ಕದ ಗೋಡೆಯ ಮೇಲೆ ಬೆರಳು ನಡೆಸಿಕೊಂಡು ಹೋಗುವುದು, ಮೊದಲು ಗೋಡೆಗೆ ಎದುರಾಗಿ, ಆಮೇಲೆ ಪಕ್ಕಕ್ಕೆ ನಿಂತು. ಹಾಲು ದಿನಕ್ಕೆ ಎರಡು ಸಲ ಕಾಯುತ್ತದೆ, ಟೀಗೆ ಮೂರನೇ ಸಲ. ಹೀಗೆ ಗಡಿಯಾರ ನೋಡುವ ಕೆಲಸವೇ ಇಲ್ಲ.

ಮೂರು, ಹುರಿಗೆ. ಕೈ ಪಕ್ಕಕ್ಕೆ ಚಾಚಿ, ಅಂಗೈ ಗೋಡೆಗೆ ಊರಿ, ಮೊಣಕೈ ನೆಟ್ಟಗೆ ಇಟ್ಟು ಮುಖವನ್ನು ಇನ್ನೊಂದು ಕಡೆ ಹೊರಳಿಸುವುದು. ಹುರಿ ಎದ್ದು ಕಾಣುವವರೆಗೆ ಎಳೆದು, ಹದಿನೈದು ಎಣಿಸಿ, ಬಿಡುವುದು.

ನೋವಿನ ಲೆಕ್ಕ ಹೇಳಿಕೊಟ್ಟೆ. ಎಳೆತ ಬೇಕು. ಹತ್ತಕ್ಕೆ ಮೂರು ನಾಲ್ಕರಷ್ಟು ನೋವಾದರೆ ಪರವಾಗಿಲ್ಲ. ನಿಲ್ಲಿಸಿ ಅರ್ಧ ಗಂಟೆಯಾದರೂ ತಗ್ಗದಿದ್ದರೆ ಜಾಸ್ತಿ ಆಯಿತು ಅಂತ, ಮಾರನೇ ದಿನ ಕಮ್ಮಿ ಮಾಡಿ. ಒಂದೇ ಸಲ ಅರ್ಧ ಗಂಟೆ ಒದ್ದಾಡುವುದಕ್ಕಿಂತ ಐದು ಸಲ ಐದೈದು ನಿಮಿಷ ಮೇಲು.

ಗೋಡೆಯ ಮೇಲೆ ಗುರುತು ಹಾಕಿ ಅಂತ ನಾನು ಹೇಳಿರಲಿಲ್ಲ. ಅದು ಯಜಮಾನರ ಬುದ್ಧಿ. ಮಗ ಚಿಕ್ಕವನಿದ್ದಾಗ ಎತ್ತರ ಗುರುತು ಹಾಕಿದ್ದ ಗೋಡೆಯೇ ಅದು. ದಿನಾ ಸಂಜೆ ಬೆರಳ ತುದಿ ಎಲ್ಲಿ ಮುಟ್ಟಿತೋ ಅಲ್ಲಿಗೆ ಇದ್ದಿಲಲ್ಲಿ ಒಂದು ಗೀಟು. ಫೋನಿನಲ್ಲಿ ಫೋಟೋ ತಂದು ತೋರಿಸಿದರು: ಕೆಳಗಿನ ಗೀಟುಗಳು ಒಂದರ ಮೇಲೊಂದು ಒತ್ತೊತ್ತಾಗಿ, ಮೇಲೆ ಹೋದಂತೆ ಅಂತರ ಜಾಸ್ತಿ. ಒಂದು ಕಡೆ ಗೀಟು ಹಿಂದಿನ ದಿನಕ್ಕಿಂತ ಕೆಳಗೇ ಇತ್ತು. "ಅವತ್ತು ಸುಸ್ತು" ಅಂದರು ಅಕ್ಕ.

ಕ್ಲಿನಿಕ್ಕಿಗೆ ಆ ಎರಡು ವಾರದಲ್ಲಿ ಆರು ಸಲ ಬಂದರು. ನಾನು ಮಾಡುತ್ತಿದ್ದದ್ದು ಕಲೆಯ ಸುತ್ತಲಿನ ಚರ್ಮವನ್ನು ಮೆತ್ತಗೆ ಜಾರಿಸುವುದು, ಹುರಿಯ ಎರಡೂ ತುದಿಯ ಚರ್ಮ ಹಿಡಿದು ನಿಧಾನ ಎಳೆಯುವುದು, ಬೆನ್ನಿನ ರೆಕ್ಕೆ ಮೂಳೆಯನ್ನು ಆಡಿಸುವುದು. ಅವರ ಬೆರಳನ್ನೇ ಹಿಡಿದು ಕಲೆಯ ಮೇಲೆ ಇಡಿಸಿದೆ. ಅದುವರೆಗೆ ಅವರು ಅದನ್ನು ಮುಟ್ಟಿಯೇ ಇರಲಿಲ್ಲ. ಸ್ನಾನದಲ್ಲೂ ತಂಬಿಗೆಯಿಂದ ನೀರು ಸುರಿದುಕೊಂಡು ಬಿಡುತ್ತಿದ್ದರು.

ಒಂಬತ್ತನೇ ದಿನ, ನಾನು ಹುರಿಯ ಮೇಲೆ ಕೈ ಇಟ್ಟಿದ್ದಾಗ, ಒಳಗೆ "ಟಪ್" ಅಂತ ಆಯಿತು. ಬೆರಳಿಗೂ ತಿಳಿಯಿತು, ಕಿವಿಗೂ ಕೇಳಿಸಿತು. ಅಕ್ಕನ ಕಣ್ಣು ದೊಡ್ಡದಾಯಿತು. ಹೀಗಾಗುವುದುಂಟು, ಹುರಿ ಬಿಡುವಾಗ ಸದ್ದು ಬರುತ್ತದೆ, ಅದರಿಂದ ಅಪಾಯವಿಲ್ಲ. ಓದಿ ಗೊತ್ತಿತ್ತು, ಕೈಯಲ್ಲಿ ಅನುಭವ ಆದದ್ದು ಅದೇ ಮೊದಲು. ಬೇಕಂತಲೇ ಒಡೆಯಲು ಹೋಗಬಾರದು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು, ಮುಖ ಮಾತ್ರ ಗಟ್ಟಿ ಇಟ್ಟುಕೊಂಡೆ. ಆ ದಿನವೇ ಪಕ್ಕಕ್ಕೆ ಎತ್ತುವುದು 18 ಡಿಗ್ರಿ ಹೆಚ್ಚಾಯಿತು.

13ನೇ ದಿನ ಮುಂದಕ್ಕೆ 136, ಪಕ್ಕಕ್ಕೆ 121. ಕ್ಲಿನಿಕ್ಕಿನ ಮಂಚದ ಮೇಲೆ ರೇಡಿಯೇಷನ್ ಭಂಗಿಯಲ್ಲೇ ಮಲಗಿಸಿ, ಕೈ ಕೆಳಗೆ ದಿಂಬು ಕೊಟ್ಟು, ಹದಿನೈದು ನಿಮಿಷ ಅಲುಗಾಡದೆ ಇರುವ ಅಭ್ಯಾಸವನ್ನೂ ಮಾಡಿಸಿದ್ದೆ. ಡಿಗ್ರಿ ಬಂದರೂ ಅಲ್ಲೇ ನಿಲ್ಲುವ ತಾಳ್ಮೆ ಭುಜಕ್ಕೆ ಬೇಕಲ್ಲ. ಈ ಸಲ ವಾಪಸ್ ಕಳಿಸಲಿಲ್ಲ.

ಮೂರು ವಾರದಲ್ಲಿ 15 ಸಲ ಕರೆಂಟ್. ದೊಡ್ಡ ಊರಿನಲ್ಲಿ ನೆಂಟರ ಮನೆಯಲ್ಲಿ ಇದ್ದರು. ಚರ್ಮ ಕಪ್ಪಾಗಿ ಉರಿಯುತ್ತಿದ್ದರೂ ಕೊಡೆ ವ್ಯಾಯಾಮ ಬಿಡಲಿಲ್ಲ. ಕಲೆ ಉಜ್ಜುವುದನ್ನು ಮಾತ್ರ ನಿಲ್ಲಿಸಿದ್ದೆವು. ವಾಪಸ್ ಬಂದಾಗ 136 ಇದ್ದದ್ದು 130ಕ್ಕೆ ಇಳಿದಿತ್ತು. ಅದು ನಿರೀಕ್ಷಿತವೇ. ರೇಡಿಯೇಷನ್ನಿನ ಬಿಗಿತ ಆಗಿಂದಾಗ್ಗೆ ಮುಗಿಯುವಂಥದ್ದಲ್ಲ, ಅಂಗಾಂಶ ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಕರೆಂಟ್ ಮುಗಿಯಿತು ಅಂತ ಎಳೆಯುವುದು ಬಿಟ್ಟವರು ವರ್ಷದೊಳಗೆ ಮತ್ತೆ ಬಾಗಿಲು ತಟ್ಟುವುದು ನೋಡಿದ್ದೇನೆ.

ಕಾಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆ ಚಪ್ಪಲಿ ಬಿದ್ದದ್ದು ಪ್ಯಾಕ್ಲಿಟ್ಯಾಕ್ಸೆಲ್‌ನಿಂದ. ಆ ಔಷಧಿ ಕೈಕಾಲಿನ ತುದಿಯ ನರಗಳಿಗೆ ಪೆಟ್ಟು ಕೊಡುತ್ತದೆ. ಪಾದ ಜೋಮು ಹಿಡಿದಂತೆ ಇರುತ್ತದೆ. ಗದ್ದೆ ಬದುವಿನ ಮೇಲೆ ನಡೆಯುವವರಿಗೆ ಇದು ತಮಾಷೆಯಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನಾಲೆ ಏರಿಯ ಮೇಲೆ ನಡಿಗೆ. ಕೆಂಪು ಔಷಧಿ ಹೃದಯಕ್ಕೆ ತೊಂದರೆ ಕೊಡಬಹುದಾದ್ದರಿಂದ ಹೃದಯದ ಸ್ಕ್ಯಾನಿನ (ಎಕೋ) ವರದಿ ನೋಡಿ, ಡಾಕ್ಟರನ್ನು ಕೇಳಿಯೇ ನಡಿಗೆ ಶುರು ಮಾಡಿಸಿದೆ. ಮೊದಲು ಹತ್ತು ನಿಮಿಷ, ಎರಡು ತಿಂಗಳಲ್ಲಿ ಅರ್ಧ ಗಂಟೆ. ಸುಸ್ತಿಗೆ ಮಲಗುವುದು ಮದ್ದು ಅಂತ ಅವರು ನಂಬಿದ್ದರು. ನಡೆದ ದಿನ ನಿದ್ದೆ ಚೆನ್ನಾಗಿ ಬಂದ ಮೇಲೆ ನಾನು ವಾದಿಸುವ ಅಗತ್ಯ ಬೀಳಲಿಲ್ಲ.

ಮದುವೆ ಮನೆಯ ರೊಟ್ಟಿ

ಮೂರನೇ ತಿಂಗಳಿಗೆ ಭುಜ 155 ಮುಟ್ಟಿತ್ತು. ತಾವೇ ಜಡೆ ಹಾಕಿಕೊಳ್ಳುತ್ತಿದ್ದರು. ನನಗೂ ಹೆಮ್ಮೆ. "ಇನ್ನು ಎಲ್ಲಾ ಕೆಲಸ ಮೊದಲಿನ ಥರ ಮಾಡಿ ಅಕ್ಕಾ" ಅಂದುಬಿಟ್ಟೆ.

ಐದನೇ ತಿಂಗಳಲ್ಲಿ ನಾದಿನಿ ಮಗಳ ಮದುವೆ. ಹಿಂದಿನ ದಿನ ಬಳೆ ಶಾಸ್ತ್ರ, ಎರಡೂ ಕೈ ತುಂಬ ಹೊಸ ಗಾಜಿನ ಬಳೆ. ಸಂಜೆ ರೊಟ್ಟಿ ಬಡಿಯಲು ಹೆಂಗಸರು ಸಾಲಾಗಿ ಕೂತಿದ್ದಾರೆ, ಇವರೂ ಕೂತಿದ್ದಾರೆ. ಸೌದೆ ಒಲೆಯ ಮುಂದೆ ಮೂರು ಗಂಟೆ. ಎಷ್ಟು ರೊಟ್ಟಿ ಅಂತ ಎಣಿಸಿಲ್ಲ. "ಕೈ ಆಡ್ತಿತ್ತು ಮೇಡಂ, ಖುಷಿ ಆಗಿ ಬಡೀತಾನೇ ಇದ್ದೆ."

ಎರಡು ದಿನ ಬಿಟ್ಟು ಬಲಗೈಯ ಬಳೆ ತೆಗೆಯಲು ಹೋದರೆ ಬರಲಿಲ್ಲ. ಎಡಗೈಯವು ಸಲೀಸಾಗಿ ಬಂದವು. ಬಲಗೈಯವನ್ನು ಒಡೆದು ತೆಗೆದರು. ಮಣಿಕಟ್ಟಿನಲ್ಲಿ ಬಳೆಯ ಅಚ್ಚು ಸಾಲಾಗಿ ಉಳಿದಿತ್ತು.

ನನ್ನ ಹತ್ತಿರ ಬಂದದ್ದು ಅದಾಗಿ ಹತ್ತು ದಿನಕ್ಕೆ. ಹಳೇ ಅಳತೆ ಹಾಳೆ ತೆಗೆದೆ. ಮೊಣಕೈಯಿಂದ 10 ಸೆಂಟಿಮೀಟರ್ ಕೆಳಗೆ, ಮೊದಲ ದಿನ ಬಲ 23.4, ಎಡ 23. ಈಗ ಬಲ 25.6, ಎಡ ಮೊದಲಿನಷ್ಟೇ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಲಿಂಫೆಡಿಮಾ, ಅಂದರೆ ಲಿಂಫ್ ನೀರು ಸರಿಯಾಗಿ ಹರಿದು ಹೋಗದೆ ಕೈಯಲ್ಲಿ ನಿಂತು ಬರುವ ಬಾವು. ಎರಡು ಕೈಗೂ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಅದನ್ನು ಬಾವು ಅಂತ ಲೆಕ್ಕ ಹಿಡಿಯುವುದು ರೂಢಿ. ಕಂಕುಳಿನ ಗ್ರಂಥಿ ಪೂರ್ತಿ ತೆಗೆದವರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಬ್ಬರಿಗೆ ಇದು ಬರುತ್ತದೆ. ಗ್ರಂಥಿ ತೆಗೆದು ಮೇಲೆ ರೇಡಿಯೇಷನ್ ಕೂಡ ಆದರೆ ಸಂಭವ ಇನ್ನೂ ಹೆಚ್ಚು. ಮೊದಲು ಅವರ ಕ್ಯಾನ್ಸರ್ ಡಾಕ್ಟರ ಬಳಿ ಕಳಿಸಿದೆ. ಹೊಸದಾಗಿ ಕೈ ಊದಿದರೆ ರಕ್ತ ಹೆಪ್ಪುಗಟ್ಟಿಲ್ಲ, ಕಂಕುಳಲ್ಲಿ ರೋಗ ಮರುಕಳಿಸಿಲ್ಲ ಅನ್ನುವುದು ಖಾತ್ರಿ ಆಗಬೇಕು. ಕೆಂಪಾಗಿ ಜ್ವರ ಬಂದಿದ್ದರೆ ಅದು ಸೋಂಕು, ಅದಕ್ಕೆ ಅವತ್ತೇ ಔಷಧಿ ಬೇಕು. ಇವರಿಗೆ ಯಾವುದೂ ಇರಲಿಲ್ಲ.

ರೊಟ್ಟಿಯಿಂದಲೇ ಬಂತು ಅಂತ ನಾನು ಹೇಳಲಾರೆ. ಬಿಸಿ, ಬಿಗಿ ಬಳೆ, ಮೂರು ಗಂಟೆಯ ಒಂದೇ ಸಮನೆ ಬಡಿತ, ಎರಡು ರಾತ್ರಿ ನಿದ್ದೆಗೇಡು, ಅದಕ್ಕೂ ಮುಂಚೆಯೇ ಒಳಗೊಳಗೇ ಶುರುವಾಗಿದ್ದ ಬಾವು, ಯಾವುದರ ಪಾಲು ಎಷ್ಟು ಅಂತ ಯಾರು ಹೇಳಬೇಕು? ಆದರೆ ನನ್ನ ಪಾಲು ನನಗೆ ಗೊತ್ತಿತ್ತು. ಭುಜ ಎಷ್ಟು ಡಿಗ್ರಿ ಎತ್ತುತ್ತದೆ ಅಂತ ಅಳೆದಿದ್ದೆ. ಎಷ್ಟು ಹೊತ್ತು, ಎಷ್ಟು ಭಾರ ತಡೆಯುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಊರಲ್ಲಿ ತೀರ್ಪು ಬೇರೆಯೇ ಆಗಿತ್ತು. "ವ್ಯಾಯಾಮ ಮಾಡಿಸಿ ಮಾಡಿಸಿ ಕೈ ಊದಿಸಿದ್ರು." ಯಜಮಾನರೂ ಈ ಸಲ ಕ್ಲಿನಿಕ್ಕಿನಲ್ಲಿ ಕೂರಲಿಲ್ಲ, ನಿಂತೇ ಮಾತಾಡಿದರು. "ಇನ್ನು ಕೈಗೆ ರೆಸ್ಟ್ ಕೊಡಿಸ್ತೀವಿ ಮೇಡಂ."

ಆ ಮಾತಿಗೆ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೂ ಹೌದು ಅನ್ನುತ್ತಿದ್ದರು. ಬಹಳ ಕಾಲ ಪ್ರಪಂಚದಾದ್ಯಂತ ಕೊಡುತ್ತಿದ್ದ ಸಲಹೆಯೇ ಅದು: ಆ ಕೈಯಲ್ಲಿ ಭಾರ ಎತ್ತಬೇಡಿ, ಒಂದೇ ಕೆಲಸ ಪದೇ ಪದೇ ಮಾಡಬೇಡಿ. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಅನ್ನುವ ಕ್ರೀಡಾ ವೈದ್ಯರು ಅದನ್ನು ಪರೀಕ್ಷೆಗೆ ಒಡ್ಡಿದರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಆಗಿದ್ದ 24 ಹೆಂಗಸರಿಗೆ ತರಬೇತಿ ಕೊಟ್ಟು ಡ್ರ್ಯಾಗನ್ ದೋಣಿ ಅನ್ನುವ, ಸಾಲಾಗಿ ಕೂತು ಹುಟ್ಟು ಹಾಕುವ ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕಿಸಿದರು. ತೋಳಿಗೆ ಅದಕ್ಕಿಂತ ಒಂದೇ ಸಮನೆಯ ಕೆಲಸ ಇನ್ನೊಂದಿಲ್ಲ. ಹೆದರಿದ್ದಂತೆ ಕೈಗಳು ಊದಿಕೊಳ್ಳಲಿಲ್ಲ. ಇವತ್ತು ಎಷ್ಟೋ ದೇಶಗಳಲ್ಲಿ ಅಂಥ ದೋಣಿ ತಂಡಗಳಿವೆ.

ಇದನ್ನು ಅಕ್ಕನಿಗೆ ಹೇಳಿದೆ. "ನಮಗೆಲ್ಲಿ ದೋಣಿ ಮೇಡಂ, ಇರೋದು ನಾಲೆ" ಅಂದರು. ಯಜಮಾನರು ನಕ್ಕರು, ಕುರ್ಚಿಯಲ್ಲೂ ಕೂತರು.

ಕೂತ ಮೇಲೆ ಇನ್ನೊಂದು ಅಧ್ಯಯನದ ಮಾತು ಹೇಳಿದೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಆಗಲೇ ಕೈ ಊದಿದ್ದ 141 ಹೆಂಗಸರು. ಅರ್ಧ ಜನ ವಾರಕ್ಕೆ ಎರಡು ಸಲ, ಸ್ಲೀವ್ (ಬಾವು ಏರದಂತೆ ತೋಳನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ) ಹಾಕಿಕೊಂಡು, ತೀರಾ ಹಗುರದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಭಾರ ಏರಿಸಿದರು. ಉಳಿದರ್ಧ ಜನ ಭಾರ ಎತ್ತಲಿಲ್ಲ. ಒಂದು ವರ್ಷದಲ್ಲಿ ಬಾವು ಕೆರಳಿದ್ದು ಎತ್ತಿದವರಲ್ಲಿ ಶೇ. 14 ಮಂದಿಗೆ, ಎತ್ತದವರಲ್ಲಿ ಶೇ. 29 ಮಂದಿಗೆ. ರೆಸ್ಟ್ ಕೊಟ್ಟ ಕೈ ದಿನೇ ದಿನೇ ಸೋಲುತ್ತದೆ. ಸೋತ ಕೈಗೆ ಒಂದು ಬಕೆಟ್ ನೀರು ಕೂಡ ಮದುವೆ ಮನೆಯ ರೊಟ್ಟಿಯಷ್ಟೇ ಭಾರ.

ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಹೋರಿ ಪಳಗಿಸಿದಂಗೆ ಅನ್ರಿ. ಮೊದ್ಲು ಬರೀ ನೊಗ, ಆಮೇಲೆ ಖಾಲಿ ಗಾಡಿ" ಅಂದರು. ನಾನು ಇಷ್ಟುದ್ದ ಹೇಳಿದ್ದು ಅವರ ಬಾಯಲ್ಲಿ ಎರಡು ಸಾಲಾಯಿತು.

ಐದು ರೊಟ್ಟಿಯಿಂದ ಶುರು

ಮೊದಲ ಮೂರು ವಾರ ಬಾವು ಇಳಿಸುವ ಕೆಲಸ. ದಿನಾ ಪದರ ಪದರವಾಗಿ ಬ್ಯಾಂಡೇಜು ಸುತ್ತುವುದು, ಮೆತ್ತಗೆ ನೀವಿ ನೀರನ್ನು ಮೇಲಕ್ಕೆ ಸಾಗಿಸುವುದು, ಬ್ಯಾಂಡೇಜಿನ ಮೇಲೆಯೇ ಮುಷ್ಟಿ ಬಿಗಿದು ಬಿಡುವುದು. ದಿನಾ ಬಸ್ಸು ಹತ್ತಿ ಬರುವುದು ಆಗದ ಮಾತು. ಮಗ ವಿಡಿಯೋ ಮಾಡಿಕೊಂಡು ಹೋಗಿ ಸುತ್ತಲು ಕಲಿತ, ನನಗಿಂತ ಅಚ್ಚುಕಟ್ಟಾಗಿಯೇ. ಆಮೇಲೆ ಅಳತೆ ಕೊಟ್ಟು ತರಿಸಿದ ಕಂಪ್ರೆಷನ್ ಸ್ಲೀವ್.

ಶಕ್ತಿ ವ್ಯಾಯಾಮಕ್ಕೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿ ಸರಳಿಗೆ ಕಟ್ಟಿದರು. ಅಂಗಡಿಯ ರಬ್ಬರ್ ಪಟ್ಟಿ ಯಾಕೆ, ಎಳೆಯುವುದು ಎರಡೂ ಒಂದೇ. ಹಿಂದಕ್ಕೆ ಎಳೆಯುವುದು, ಕೆಳಕ್ಕೆ ಎಳೆಯುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು. ವಾರಕ್ಕೆ ಎರಡು ದಿನ, ನಡುವೆ ಬಿಡುವು. ಎರಡು ವಾರ ಬಾವು ಏರದಿದ್ದರೆ ಮಾತ್ರ ಬಾಟಲಿಗೆ ಇನ್ನಷ್ಟು ನೀರು.

ರೊಟ್ಟಿಗೂ ಇದೇ ಲೆಕ್ಕ ಹಾಕಿದೆವು. ಒಂದು ದಿನ ಬಿಟ್ಟು ಒಂದು ದಿನ, ಸ್ಲೀವ್ ಹಾಕಿಕೊಂಡು, ಹಿಟ್ಟು ತಾಗದಂತೆ ಮೇಲೆ ಹಳೇ ಶರ್ಟಿನ ತೋಳು ಎಳೆದುಕೊಂಡು, ಐದು ರೊಟ್ಟಿ. ಹಂಚಿನ ಮೇಲೆ ಬೇಯಿಸುವುದು ಅತ್ತೆ. ಮಾರನೇ ಬೆಳಿಗ್ಗೆ ಟೇಪು. ಟೇಪು ಇಲ್ಲದ ದಿನ ಒಂದು ಹಳೇ ಬಳೆ: ಮಣಿಕಟ್ಟಿನ ಮೇಲೆ ಸಲೀಸಾಗಿ ಆಡಿದರೆ ಸರಿ, ಸಿಕ್ಕಿಕೊಂಡರೆ ಅವತ್ತು ಬಡಿಯುವುದು ಬೇಡ. ನೋಡಿದ ತಕ್ಷಣ ತೆಗೆದಿಡಬೇಕು. ಐದು ಎಂಟಾಯಿತು, ಎಂಟು ಹನ್ನೆರಡಾಯಿತು. ಒಂದು ಸಲ ಹದಿನೈದಕ್ಕೆ ಹೋಗಿ ಬಳೆ ಸಿಕ್ಕಿಕೊಂಡಿತು. ಮತ್ತೆ ಹತ್ತಕ್ಕೆ ಇಳಿಸಿ, ಎರಡು ವಾರ ಅಲ್ಲೇ ನಿಂತೆವು.

ರೊಟ್ಟಿಯನ್ನು ಡೋಸ್ ಥರ ಬರೆದ ಇಂಥ ಚಾರ್ಟನ್ನು ನನ್ನ ಕಾಲೇಜಿನ ಮೇಷ್ಟ್ರು ನೋಡಿದ್ದರೆ ಏನನ್ನುತ್ತಿದ್ದರೋ. ಆದರೆ ಎರಡು ಕೆ.ಜಿ. ಡಂಬೆಲ್ ಎತ್ತುವವರಾಗಬೇಕು ಅನ್ನುವುದು ಈ ಅಕ್ಕನ ಆಸೆಯಲ್ಲ. ಮನೆಯ ನಾಲ್ಕು ಜನಕ್ಕೆ ರಾತ್ರಿ ಊಟಕ್ಕೆ ಬೇಕಾದಷ್ಟು ರೊಟ್ಟಿ ತಾವೇ ಬಡಿಯಬೇಕು ಅನ್ನುವುದು. ಅದಕ್ಕೆ ಹನ್ನೆರಡು ಸಾಕು.

ಈಗ ಹನ್ನೊಂದನೇ ತಿಂಗಳು. ಕಳೆದ ವಾರ ಬಂದಿದ್ದರು. ಮುಂಗೈಯ ವ್ಯತ್ಯಾಸ 2.6ರಿಂದ 1.1ಕ್ಕೆ ಇಳಿದು ಅಲ್ಲೇ ನಿಂತಿದೆ. ಪೂರ್ತಿ ಹೋಗಿಲ್ಲ. ಹೋಗುತ್ತದೆ ಅಂತ ನಾನೂ ಹೇಳಿಲ್ಲ. ಪಾದದ ಜೋಮು ಅರ್ಧ ಕಮ್ಮಿಯಾಗಿದೆ. ಚೀಲದಲ್ಲಿ ಬಟ್ಟೆ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದರು. ಸೆರಗು ಸೊಂಟದಲ್ಲಿತ್ತು.

ಭುಜ ಅಳೆದೆ. ಎರಡು ತಿಂಗಳ ಹಿಂದೆ 165 ಇದ್ದದ್ದು 157.

"ಗೋಡೆ ಬಿಟ್ಟಿದ್ದೀರಾ ಅಕ್ಕಾ?"

"ಕೊಯ್ಲು ಮೇಡಂ. ಈಗ ಹಾಲು ಕಾಯ್ಸೋದು ಅತ್ತೆ."

ಗದ್ದೆಯಲ್ಲಿ ಊಟದ ಹೊತ್ತಿಗೆ ಟ್ರ್ಯಾಕ್ಟರ್ ಟ್ರೈಲರಿನ ಪಕ್ಕದ ಹಲಗೆಗೆ ಬೆರಳು ಹತ್ತಿಸಿ ಅಂದೆ. ಆಗಲಿ ಅಂದರು, ಆದರೆ ಮುಖ ನೋಡಿದರೆ ಮಾಡುವ ಲಕ್ಷಣ ಕಾಣಲಿಲ್ಲ. ಕೊಯ್ಲು ಮುಗಿಯುವುದಕ್ಕೆ ಇನ್ನು ಮೂರು ವಾರ ಅಂತೆ. ಅದಾದ ಮಾರನೇ ಸೋಮವಾರಕ್ಕೆ ಅವರ ಹೆಸರು ಬರೆದುಕೊಂಡಿದ್ದೇನೆ.